ಸ್ವೀಡನ್ ಉಡಿ

ನಮ್ಮ ಹೈಸ್ಕೂಲಿಗೆ ಹೊಸ ಕೋಣೆಗಳು ಮಂಜೂರಾದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಕಟ್ಟಡ ಮೇಲೇಳುತ್ತಿದ್ದಂತೆ ಸಿಟ್ಟಾದವಳು ಮಾತ್ರ ನಾನೊಬ್ಬಳೇ. ಕಾಗವಾಡ ತಾಲೂಕಿನ ಆ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಣದ ಶಿಕ್ಷಕಿ, ಮಕ್ಕಳಿಗೆ ಪಿ.ಟಿ. ಬಾಯಾರು. ಹೊಸ ಕೋಣೆಗಳ ಹಿಂಗೋಡೆ ಸರಿಯಾಗಿ ನನ್ನ ಉದ್ದ ಜಿಗಿತದ ಅಂಕಣದ ಮೇಲೆ ಬಂದು ಕೂತಿತು. ಮರಳಿನ ಗುಂಡಿ ಉಳಿಯಿತು, ಅದಕ್ಕೆ ಓಡಿ ಬರುವ ದಾರಿ ಗೋಡೆಯ ಅಡಿಗೆ ಹೋಯಿತು. ಗೋಡೆಗೂ ಗುಂಡಿಗೂ ನಡುವೆ ಒಂದು ಎಮ್ಮೆ ಕಟ್ಟುವಷ್ಟು ಜಾಗ ಬಿಟ್ಟಿದ್ದರು.

ಮುಖ್ಯಾಧ್ಯಾಪಕರ ಹತ್ತಿರ ಹೋದೆ.

"ಗುಂಡಿಗೇನೂ ಧಕ್ಕಿ ಆಗಿಲ್ಲಲ್ರಿ ಬಾಯಾರ," ಎಂದರು ಅವರು.

"ಓಡಾಕ ಜಾಗಾ ಬೇಕಲ್ರಿ ಸರ್."

"ಆ ಕಡಿಂದ ಓಡಿ ಬರ್ರಲಾ."

ಆ ಕಡೆ ಬೋರ್‌ವೆಲ್ ಇತ್ತು. ಇನ್ನೊಂದು ಬದಿಗೆ ಬಿಸಿಯೂಟದ ಅಡುಗೆಕೋಣೆ. ಉಳಿದ ಬದಿಯಲ್ಲಿ ಕಾಂಪೌಂಡು, ಅದರಾಚೆ ಯಾರದೋ ಕಬ್ಬು. ಮುಖ್ಯಾಧ್ಯಾಪಕರು ಕೆಟ್ಟವರಲ್ಲ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ ಪಾಠ ಮಾಡಿಸಿದ ಮನುಷ್ಯನಿಗೆ ಗೋಡೆ ಅಂದರೆ ಎಷ್ಟು ದೊಡ್ಡ ವಸ್ತು ಎಂಬುದು ನನಗೂ ಗೊತ್ತಿತ್ತು. ಹಾಗಾಗಿ ಜಗಳವನ್ನು ಶಾಲೆಯಲ್ಲಿ ಮುಗಿಸದೆ ಮನೆಗೆ ತಂದೆ.

ನಮ್ಮದು ಮಂಗಸೂಳಿಯ ಹತ್ತಿರ ತೋಟದಲ್ಲೇ ಕಟ್ಟಿಕೊಂಡಿರುವ ಮನೆ. ಒಂದು ಕಡೆ ಕಬ್ಬು, ಒಂದು ಕಡೆ ದ್ರಾಕ್ಷಿ. ಅದು ಮಣೂಕ ಆರಿಸುವ ಕಾಲ. ಒಣಗಿದ ದ್ರಾಕ್ಷಿಯನ್ನು ತಾಡಪತ್ರಿಯ ಮೇಲೆ ಹರವಿಕೊಂಡು ಅತ್ತೆ, ಮಾವ, ನನ್ನ ಗಂಡ ಮೂವರೂ ಕಪ್ಪು ಕಾಳು, ತೊಟ್ಟು ಬೇರೆ ಮಾಡುತ್ತ ಕೂತಿದ್ದರು. ನಾನೂ ಕೂತು, ಕೈ ಆಡಿಸುತ್ತ, ಗೋಡೆಯನ್ನು ಬಯ್ದೆ. ಮಾವ ಕೇಳಿಸಿಕೊಂಡು ತಲೆಯೆತ್ತದೆ ಹೇಳಿದರು:

"ಓಡೂದು ಯಾಕ ಬೇಕವ್ವಾ? ನಿಂತಲ್ಲಿಂದ ಉಡಿ ಹೊಡಸ್. ನಮಗ ಹಂಗಽ ಹೊಡಸತಿದ್ರು. ಸ್ವೀಡನ್ ಉಡಿ."

ಅತ್ತೆ ನಕ್ಕುಬಿಟ್ಟರು. "ಗಂಡಸರಿಗೆ ಎಂಥಾ ಉಡಿ? ಅಕ್ಕಿ ತುಂಬತಿದ್ರೋ, ಕೊಬ್ಬರಿ ತುಂಬತಿದ್ರೋ?"

ಅತ್ತೆಯ ತವರು ಅಥಣಿಯ ಆಚೆ. ಅವರಿಗೆ ಉಡಿ ಅಂದರೆ ಸೀರೆಯ ಉಡಿ, ಮುತ್ತೈದೆಯರಿಗೆ ತುಂಬುವ ಉಡಿ. ನಾನು ನಿಪ್ಪಾಣಿಯವಳು. ನಮ್ಮ ಓಣಿಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮರಾಠಿಯಲ್ಲಿ ಉಡಿ ಎಂದರೆ ಜಿಗಿತವೆಂಬುದು ನನಗೆ ಕೂಡಲೇ ಹೊಳೆಯಿತು. ಹೊಳೆಯದೆ ಉಳಿದದ್ದು ಸ್ವೀಡನ್. ಮಾವ ಅದನ್ನು 'ಸುಡನ್' ಎನ್ನುವ ಹಾಗೆ ಅಂದಿದ್ದರು. ಸಣ್ಣವರಿದ್ದಾಗ ಅವರೆಲ್ಲ ಅದು ಯಾವುದೋ ಬಯ್ಗುಳ ಎಂದೇ ತಿಳಿದಿದ್ದರಂತೆ.

ಮಾವನ ಶಾಲೆಯಲ್ಲಿ ಒಬ್ಬ ಡ್ರಿಲ್ ಮಾಸ್ತರರಿದ್ದರು. ಪಲ್ಟನ್ನಿನಿಂದ ನಿವೃತ್ತರಾಗಿ ಬಂದವರು, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಸಣ್ಣ ಮೀಸೆ. ಓಟ, ಕಬಡ್ಡಿ ಇವೆಲ್ಲ ಅವರ ಲೆಕ್ಕದಲ್ಲಿ ಊರಾಟ. ಅವರು ಕಲಿಸುತ್ತಿದ್ದದ್ದು ಕಸರತ್ತು. ಅದರಲ್ಲೂ ಉಡಿ. ಪಾದ ಎರಡೂ ಜೋಡಿಸಿ ನಿಲ್ಲಬೇಕು. ಕೈ ಹಿಂದಕ್ಕೆ, ಮೊಣಕಾಲು ಮಣಿಸಿ, ಒಮ್ಮೆಗೇ ಮೇಲೇಳಬೇಕು. ಮುಂದಕ್ಕೆ ಒಂದು, ಹಗ್ಗದ ಮೇಲೆ ಎತ್ತರಕ್ಕೆ ಒಂದು, ಪಕ್ಕಕ್ಕೆ ಒಂದು, ಗಾಳಿಯಲ್ಲಿ ತಿರುಗಿ ಬಂದ ದಿಕ್ಕಿಗೆ ಮುಖ ಮಾಡಿ ಇಳಿಯುವುದು ಒಂದು. ಎಲ್ಲಕ್ಕಿಂತ ಕಷ್ಟದ್ದು ಹಿಂದಕ್ಕೆ ಹಾರುವುದು. ಇಳಿದ ಮೇಲೆ ಕೈ ಚಾಚಿ, ಮೊಣಕಾಲು ಅರ್ಧ ಮಣಿಸಿ, ಗೊಂಬೆಯ ಹಾಗೆ ನಿಲ್ಲಬೇಕು. ಮಾಸ್ತರರು "ಬಸ್" ಅನ್ನುವವರೆಗೆ ಅಲ್ಲಾಡುವಂತಿಲ್ಲ. ಕೆಲವು ಸಲ ಅವರು ಬಸ್ ಅನ್ನದೆ ಹೋಗಿ ನೀರು ಕುಡಿದು ಬರುತ್ತಿದ್ದರಂತೆ.

ಇಷ್ಟನ್ನೂ ಮಾವ ಕೂತಲ್ಲಿಂದಲೇ ಕೈಯಲ್ಲಿ ತೋರಿಸಿದರು. ಮಣೂಕಗಳು ಚೆಲ್ಲಿದವು. ಅತ್ತೆ ಬಯ್ದರು.

ಮರುದಿನ ಊಟದ ಬಿಡುವಿನಲ್ಲಿ ಫೋನಿನಲ್ಲಿ ಹುಡುಕಿದೆ. ಹುಡುಕುತ್ತ ಹೋದ ಹಾಗೆ ನನ್ನ ಡಬ್ಬಿ ಆರಿಹೋಯಿತು. ಸ್ವೀಡನ್ ಎಂಬ ದೇಶದಲ್ಲಿ ಜಿಗಿತವೆಂಬುದು ಮೊದಲು ಬಯಲಿನ ಆಟವಾಗಿರಲೇ ಇಲ್ಲ. ಕಸರತ್ತಿನ ಕೋಣೆಯ ವಿದ್ಯೆಯಾಗಿತ್ತು. ಶಾಲೆಯ ಮಕ್ಕಳು, ಸಿಪಾಯಿಗಳು, ಎಲ್ಲರೂ ಸಾಲಿನಲ್ಲಿ ನಿಂತು ಹಾರುವವರು. ಪುಟಿಯುವ ಹಲಗೆಯ ಮೇಲಿಂದ ಹಾರುವುದು, ಕಟ್ಟಿಗೆಯ ಕುದುರೆಯ ಮೇಲೆ ಕೈಯೂರಿ ದಾಟುವುದು, ಪಾದ ಜೋಡಿಸಿ ನಿಂತಲ್ಲಿಂದ ಹಾರುವುದು ಹೀಗೆ ಅದರಲ್ಲಿ ಬಗೆಗಳಿದ್ದವು. ಇಂಗ್ಲಿಷರ ಪಲ್ಟನ್ನುಗಳ ಮೂಲಕ ಆ ಡ್ರಿಲ್ ನಮ್ಮ ಕಡೆಗೂ ಬಂದಿತ್ತು. ಮುಂದೆ ಅಲ್ಲಿಗೆ ಬಯಲಿನ ಕ್ರೀಡೆಗಳು ಬಂದಾಗ, ಮೊದಮೊದಲು ಈ ಕಸರತ್ತಿನ ಜಿಗಿತಗಳೂ ಅವುಗಳ ಜೊತೆ ಮೈದಾನಕ್ಕೆ ಬಂದವು. ನಿಂತು ಹಾರುವ ಎತ್ತರ ಜಿಗಿತ, ಉದ್ದ ಜಿಗಿತ ಒಲಿಂಪಿಕ್ಸ್‌ನಲ್ಲೂ ಇದ್ದವು. ಕೊನೆಯ ಸಲ ಅವು ನಡೆದದ್ದು ಸ್ವೀಡನ್ನಿನ ರಾಜಧಾನಿಯಲ್ಲೇ. ಆಮೇಲೆ ಓಡಿ ಬಂದು ಹಾರುವವರು ಉಳಿದರು, ನಿಂತು ಹಾರುವವರು ಪಟ್ಟಿಯಿಂದ ಹೋದರು.

ನಾನು ಬಿ.ಪಿ.ಎಡ್. ಓದುವಾಗ ಇದರ ಬಗ್ಗೆ ಒಂದು ಸಾಲು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ನನ್ನ ಮಾವನ ಮೊಣಕಾಲಿನಲ್ಲಿ ಇಷ್ಟು ವರ್ಷ ಕೂತಿತ್ತೆಂದು ತಿಳಿದಿರಲಿಲ್ಲ.

ಆ ವಾರವೇ ಶುರು ಮಾಡಿದೆ. ಗುಂಡಿಯ ಅಂಚಿಗೆ ಸುಣ್ಣದ ಗೆರೆ ಎಳೆದೆ. ಮಕ್ಕಳು ಮೊದಲು ನಕ್ಕರು. ಓಡದೆ ಹಾರುವುದು ಅವರಿಗೆ ಕಪ್ಪೆಯಾಟದ ಹಾಗೆ ಕಂಡಿತು. ಆದರೆ ಹಿಂದಕ್ಕೆ ಹಾರುವುದನ್ನು ತೋರಿಸಿದಾಗ ಎಲ್ಲರಿಗೂ ಹುಚ್ಚು ಹಿಡಿಯಿತು. ಓಟದಲ್ಲಿ ಯಾವಾಗಲೂ ಹಿಂದೆ ಬೀಳುತ್ತಿದ್ದ ದಪ್ಪ ಮೈಯ ಹುಡುಗಿಯರು, ಗಟ್ಟಿ ಸೊಂಟದವರು, ಇದರಲ್ಲಿ ಮುಂದೆ ಬಂದರು. ವಿಜ್ಞಾನದ ಮೇಷ್ಟ್ರು ಕಿಟಕಿಯಿಂದ ನೋಡಿ, "ಏನ್ರಿ ಬಾಯಾರ, ಇದು ಯಾವ ಸಿಲೆಬಸ್?" ಎಂದರು. "ಹಳೇ ಸಿಲೆಬಸ್ರಿ," ಎಂದೆ.

ಮಾವನಿಗೆ ಸುದ್ದಿ ಹೇಳಿದೆ. ಅವರು ಒಂದು ಶನಿವಾರ ಶಾಲೆಗೆ ನೋಡಲು ಬಂದರು. ಒಬ್ಬರೇ ಬರಲಿಲ್ಲ. ಜೊತೆಗೆ ಕಾಕಾ ಇದ್ದರು.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಕುರಿ ಆಡು ಕಾಯುವವರು. ಕಬ್ಬು ಕಡಿದ ಮೇಲೆ ಪ್ರತಿ ವರ್ಷ ನಮ್ಮ ಹೊಲದಲ್ಲಿ ಅವರ ಹಿಂಡು ಕೆಲವು ರಾತ್ರಿ ತಂಗುತ್ತದೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಅವರಿಗೆ ಜೋಳ ಸಿಗುತ್ತದೆ. ನಾನು ಮದುವೆಯಾಗಿ ಬಂದಾಗಿನಿಂದ ಈ ಏರ್ಪಾಡನ್ನು ನೋಡಿದ್ದೇನೆ. ಮಾವ, ಕಾಕಾ ಇಬ್ಬರೂ ಏಳನೆಯ ತರಗತಿಯವರೆಗೆ ಒಂದೇ ಬೆಂಚು. ಆಮೇಲೆ ಕಾಕಾ ಕುರಿಗಳ ಹಿಂದೆ ಹೋದರು, ಮಾವ ಚಿಕ್ಕೋಡಿಗೆ ಹೋಗಿ ಮೆಟ್ರಿಕ್ ಮುಗಿಸಿ ಹೊಲಕ್ಕೆ ಬಂದರು. ಈಗ ಇಬ್ಬರಿಗೂ ಎಪ್ಪತ್ತು ದಾಟಿದೆ.

ಮಕ್ಕಳು ಹಾರುವುದನ್ನು ಇಬ್ಬರೂ ಬೇವಿನ ನೆರಳಿನಲ್ಲಿ ನಿಂತು ನೋಡಿದರು. ಒಬ್ಬ ಹುಡುಗ ಎಲ್ಲರಿಗಿಂತ ದೂರ ಹಾರಿ, ಹಿಂದಕ್ಕೆ ವಾಲಿ, ಕುಂಡೆಯೂರಿ ಬಿದ್ದ. ಒಬ್ಬ ಹುಡುಗಿ ತುಸು ಕಡಿಮೆ ಹಾರಿದರೂ ಇಳಿದಲ್ಲಿ ಅಲುಗದೆ ನಿಂತಳು.

"ಇಕಿ ಗೆದ್ಲು," ಎಂದರು ಕಾಕಾ.

"ಅದ್ಹೆಂಗ? ಅಂವ ಮುಂದ ಹೋಗ್ಯಾನ. ಟೇಪ್ ಹಚ್ಚಿ ನೋಡ್," ಎಂದರು ಮಾವ.

"ಟೇಪ್ ಏನ ನೋಡೂದು? ಅಂವ ಬಿದ್ದಾನ."

ಸಾಮಾನ್ಯ ಮಾತಿನಂತೆ ಶುರುವಾದದ್ದು ಕ್ಷಣದಲ್ಲಿ ಬಿರುಸಾಯಿತು. ಮಕ್ಕಳು ಹಾರುವುದನ್ನು ಬಿಟ್ಟು ಇವರನ್ನೇ ನೋಡತೊಡಗಿದರು. ಅವರಿಬ್ಬರೂ ಆ ಹುಡುಗ ಹುಡುಗಿಯ ಬಗ್ಗೆ ಮಾತಾಡುತ್ತಿಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಏಳನೆಯ ತರಗತಿಯ ಕೊನೆಯಲ್ಲಿ ಡ್ರಿಲ್ ಮಾಸ್ತರರು ಒಂದು ಪೈಪೋಟಿ ಇಟ್ಟಿದ್ದರಂತೆ. ನಿಂತಲ್ಲಿಂದ ಮುಂದಕ್ಕೆ ಹಾರುವುದು. ಮಾವ ಎಲ್ಲರಿಗಿಂತ ದೂರ ಹಾರಿದರು. ಮಾಸ್ತರರು ಬಹುಮಾನದ ಟವೆಲ್ಲನ್ನು ಕಾಕಾನ ಹೆಗಲಿಗೆ ಹಾಕಿದರು.

"ನಾ ಇವಗಿಂತ ಗೇಣ ಮುಂದ ಬಿದ್ದಿದ್ನೆವ್ವಾ," ಎಂದರು ಮಾವ ನನ್ನ ಕಡೆ ತಿರುಗಿ.

"ನೋಡ್ ಮತ್ತ, ಅವನ ಬಾಯಾಗಽ ಬಂತು," ಎಂದರು ಕಾಕಾ. "ಬಿದ್ದಿದ್ನಿ ಅಂತ ಅವನಽ ಹೇಳಾಕತ್ತಾನ."

ಮಕ್ಕಳು ಹೋ ಎಂದು ನಕ್ಕರು. ಮಾವನೂ ನಕ್ಕರು. ಆದರೆ ಮನೆಗೆ ಹೋಗುವಾಗ ನನ್ನ ಬೈಕಿನ ಹಿಂದೆ ಕೂತು, "ಟೇಪ್ ಸುಳ್ಳ ಹೇಳತೈತೇನು?" ಎಂದು ಇನ್ನೊಮ್ಮೆ ಕೇಳಿದರು. ಐವತ್ತಕ್ಕೂ ಹೆಚ್ಚು ವರ್ಷ ಇಬ್ಬರೂ ಒಂದೇ ಚಿಲುಮೆ ಸೇದಿದ್ದಾರೆ, ಒಬ್ಬರ ಮಕ್ಕಳ ಮದುವೆಗೆ ಇನ್ನೊಬ್ಬರು ಮುಂದೆ ನಿಂತಿದ್ದಾರೆ. ಈ ಒಂದು ಗೇಣು ಮಾತ್ರ ಇಬ್ಬರ ನಡುವೆ ಹಾಗೇ ಉಳಿದಿತ್ತು. ನನ್ನ ಗಂಡನಿಗೂ ಇದು ಹೊಸ ಸುದ್ದಿ. ಅತ್ತೆಗೆ ಮಾತ್ರ ಗೊತ್ತಿತ್ತು. "ಮದಿವಿ ಆದ ವರ್ಷನಽ ಹೇಳ್ಯಾರ," ಎಂದರು.

ನಾನು ಮತ್ತೆ ಫೋನು ತೆಗೆದೆ. ಹಳೆಯ ಕಸರತ್ತಿನ ಪದ್ಧತಿಯ ಬಗ್ಗೆ ಸಿಕ್ಕಷ್ಟನ್ನು ಓದಿದೆ. ಓದಿದ್ದರಲ್ಲಿ ಒಂದು ಮಾತು ಸ್ಪಷ್ಟವಿತ್ತು. ಸ್ವೀಡನ್ನಿನ ಆ ಗುರುಗಳಿಗೆ ಎಷ್ಟು ದೂರ ಹಾರಿದೆ ಎಂಬುದಕ್ಕಿಂತ ಹೇಗೆ ಹಾರಿದೆ, ಹೇಗೆ ಇಳಿದೆ ಎಂಬುದು ದೊಡ್ಡದು. ಬೆನ್ನು ನೆಟ್ಟಗಿರಬೇಕು, ಇಳಿಯುವಾಗ ಸದ್ದಾಗಬಾರದು, ಇಳಿದವನು ನಿಲ್ಲಬೇಕು. ಟೇಪ್ ಹಿಡಿದು ಅಳೆಯುವುದು ಮುಖ್ಯವಾದದ್ದು ಆಮೇಲೆ.

ಇದನ್ನು ಮಾವನಿಗೆ ಹೇಳಬೇಕೋ ಬೇಡವೋ ಎಂದು ಒಂದು ದಿನ ಯೋಚಿಸಿದೆ. ಗಂಡ, "ಹೇಳಬ್ಯಾಡ, ಬಿಡು, ಈ ವಯಸ್ಸಿನಾಗ ಯಾಕ," ಎಂದರು. ಆದರೆ ಮಾವನೇ ಕೇಳಿದರು: "ಫೋನಿನಾಗ ಏನ್ ಬರದಾರ?" ಹೇಳಿದೆ. ಅವರು ಊಟ ಮುಗಿಸಿದರು, ಕೈ ತೊಳೆದರು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಅಂಗಳದಿಂದಲೇ ಹೇಳಿದರು:

"ಅಂದ್ರ ಮಾಸ್ತರ ಮಾಡಿದ್ದು ಬರೋಬರಿ ಐತಿ."

ಅವರ ದನಿಯಲ್ಲಿ ದುಃಖವಿರಲಿಲ್ಲ. ಸಕ್ಕರೆ ಕಾರ್ಖಾನೆಯವರು ತೂಕ ಹೇಳಿದಾಗ ಒಪ್ಪಿಕೊಳ್ಳುವ ದನಿ ಅದು. ಆದರೆ ಅಲ್ಲಿಗೆ ಬಿಡಲೂ ಇಲ್ಲ. ಕೆಲವು ದಿನ ಕಳೆದ ಮೇಲೆ ಮಣೂಕದ ಶೆಡ್ಡಿನ ಹಿಂದೆ ಒಂದು ಟ್ರ್ಯಾಕ್ಟರ್ ಮರಳು ಬಂದು ಬಿತ್ತು. ಗಂಡ, "ಯಾಕ ಅಪ್ಪಾ, ಏನ್ ಕಟ್ಟಾಕತ್ತಿ?" ಎಂದರು. ಮಾವ ಮರಳನ್ನು ಸಲಿಕೆಯಿಂದ ಸಮ ಮಾಡುತ್ತ, "ಏನೂ ಕಟ್ಟಂಗಿಲ್ಲ," ಎಂದರು.

ಬೆಳಿಗ್ಗೆ ಎಮ್ಮೆ ಹಿಂಡಿದ ಮೇಲೆ ಅವರು ಅಲ್ಲಿಗೆ ಹೋಗತೊಡಗಿದರು. ಧೋತರವನ್ನು ಮೇಲಕ್ಕೆ ಕಟ್ಟಿ, ಪಾದ ಜೋಡಿಸಿ, ಕೈ ಹಿಂದಕ್ಕೆ ಬೀಸಿ ಹಾರುತ್ತಿದ್ದರು. ಹಾರುವುದಕ್ಕಿಂತ ಹೆಚ್ಚು ಹೊತ್ತು ಇಳಿದ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದರು. ನಾನು ಶಾಲೆಗೆ ಹೊರಡುವಾಗ ನಿಂತು ನೋಡಿ, ಮೊಣಕಾಲು ಒಳಗೆ ಬರುತ್ತಿದ್ದರೆ ಹೇಳುತ್ತಿದ್ದೆ. ಅವರು ನನ್ನ ಮಾತನ್ನು ವಿದ್ಯಾರ್ಥಿಯ ಹಾಗೆ ಕೇಳುತ್ತಿದ್ದರು. ಸೊಸೆ ಎಂಬುದು ಆ ಹೊತ್ತಿಗೆ ಇಬ್ಬರಿಗೂ ಮರೆತುಹೋಗುತ್ತಿತ್ತು.

ಅತ್ತೆ ಮಾತ್ರ ಶೆಡ್ಡಿನ ಹಿಂದೆ ಕಾಲಿಡಲಿಲ್ಲ. ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಎಲುಬು ಮುರಕೊಂಡ್ರ ನಾ ಏನೂ ಬಳಿಯಾಕಿ ಅಲ್ಲ. ಈಗಽ ಹೇಳೇನಿ."

ಮಳೆಗಾಲದಲ್ಲಿ ಕೃಷ್ಣೆ ಏರುತ್ತಿದ್ದಂತೆ ಜುಗೂಳದ ದಂಡೆಯ ಕಡೆ ಇದ್ದ ಕಾಕಾ ಹಿಂಡು ಹೊಡೆದುಕೊಂಡು ನಮ್ಮ ಮೇಲಿನ ಹೊಲಗಳಿಗೆ ಬಂದರು. ಮರಳು ನೋಡಿದರು. ಮರುದಿನ ಬೆಳಿಗ್ಗೆ ಶೆಡ್ಡಿನ ಹಿಂದೆ ಇಬ್ಬರಿದ್ದರು.

ಚಿಕ್ಕೋಡಿಯಲ್ಲಿ ಹಿರಿಯ ನಾಗರಿಕರ ಕ್ರೀಡಾಕೂಟವಿದೆ ಎಂಬ ಸುದ್ದಿ ತಂದವಳು ನಾನೇ. ಸೋಯಾಬೀನ್ ರಾಶಿ ಮುಗಿದಿತ್ತು, ಕಬ್ಬು ಕಡಿಯುವುದು ಇನ್ನೂ ಶುರುವಾಗಿರಲಿಲ್ಲ. ಊರಿಗೆ ಸ್ವಲ್ಪ ಬಿಡುವಿದ್ದ ಕಾಲ. ಆಸುಪಾಸಿನ ತಾಲೂಕುಗಳ ನಮ್ಮಂಥ ಶಿಕ್ಷಕರನ್ನು ಅಲ್ಲಿ ಪಂಚರಾಗಿ, ಅಂದರೆ ತೀರ್ಪುಗಾರರಾಗಿ, ಕರೆದಿದ್ದರು. ನಡಿಗೆ, ಗುಂಡು ಎಸೆತ, ಉದ್ದ ಜಿಗಿತ ಇಷ್ಟು ಇದ್ದವು. ನಿಂತು ಹಾರುವುದು ಇರಲಿಲ್ಲ. ಇರುವುದೂ ಸಾಧ್ಯವಿರಲಿಲ್ಲ.

"ಓಡೂದು ಆಗೂದಿಲ್ಲ," ಎಂದರು ಮಾವ. ಸೊಂಟದ ಸಲುವಾಗಿ ಡಾಕ್ಟರರು ಓಡಬೇಡ ಎಂದಿದ್ದರು. ಕಾಕಾನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದರು. ಓಡುವಾಗ ನೆಲ ಎರಡಾಗಿ ಕಾಣುತ್ತದೆ ಎನ್ನುತ್ತಿದ್ದರು.

ನಾನು ನಿಯಮಗಳನ್ನು ಇನ್ನೊಮ್ಮೆ ಓದಿದೆ. ಎತ್ತರ ಜಿಗಿತದಲ್ಲಿ ಒಂದೇ ಕಾಲಿನಿಂದ ಏಳಬೇಕೆಂದು ಬರೆದಿದೆ. ಅಲ್ಲಿ ಪಾದ ಜೋಡಿಸಿ ಹಾರಿದರೆ ತಪ್ಪು. ಉದ್ದ ಜಿಗಿತದಲ್ಲಿ ಅಂಥ ಮಾತಿಲ್ಲ. ಓಡಲೇಬೇಕೆಂಬ ಮಾತೂ ಇಲ್ಲ. ಹಲಗೆ ದಾಟಿ ತುಳಿಯಬಾರದು, ಅಷ್ಟೇ.

"ಹಂಗಾರ ಹಲಗಿ ಮ್ಯಾಲ ನಿಂತಽ ಹೊಡಿಯೂಣು," ಎಂದರು ಕಾಕಾ.

ಇಬ್ಬರೂ ಹೆಸರು ಕೊಟ್ಟರು. ಅತ್ತೆ ಆ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆದರೆ ಹೊರಡುವಾಗ ಇಬ್ಬರಿಗೂ ಸಾಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದರು.

ಮನೆಯವರು ಹಾರುವ ಕಡೆ ನಾನು ಪಂಚಳಾಗಿ ಇರುವುದು ಸರಿಯಲ್ಲ ಎಂದು ಹೇಳಿ ಗುಂಡು ಎಸೆತದ ಕಡೆ ಹೋದೆ. ಉದ್ದ ಜಿಗಿತಕ್ಕೆ ರಾಯಬಾಗದ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಪಿ.ಟಿ. ಮೇಷ್ಟ್ರು ಇದ್ದರು. ಸಾಲಿನಲ್ಲಿ ನಿಪ್ಪಾಣಿಯ ಒಬ್ಬ ನಿವೃತ್ತ ಬ್ಯಾಂಕಿನವರು ಟ್ರ್ಯಾಕ್ ಸೂಟು ಹಾಕಿಕೊಂಡು ಕಾಲು ಜಾಡಿಸುತ್ತಿದ್ದರು. ಏಕಸಂಬಿಯ ಒಬ್ಬ ಕಿರಾಣಿ ಅಂಗಡಿಯವರು, ಇನ್ನೂ ಕೆಲವರು. ಕೊನೆಯಲ್ಲಿ ನಮ್ಮವರಿಬ್ಬರು. ಮಾವ ಹೊಸ ಬಿಳಿ ಬೂಟು ಹಾಕಿದ್ದರು, ಕಾಕಾ ಬರಿಗಾಲು, ತಲೆಗೆ ಪಟಕಾ.

ಎಲ್ಲರೂ ಓಡಿ ಬಂದು ಹಾರಿದರು. ಮಾವನ ಸರದಿ ಬಂದಾಗ ಅವರು ನಡೆದುಕೊಂಡು ಬಂದು ಹಲಗೆಯ ಮೇಲೆ ಪಾದ ಜೋಡಿಸಿ ನಿಂತರು.

"ಅಜ್ಜಾರ, ಅಲ್ಲಿಂದ ಓಡಿ ಬರ್ರಿ," ಎಂದರು ಮೇಷ್ಟ್ರು.

"ಓಡಬೇಕಂತ ಬರದೈತೇನ್ರಿ ಸರ್?"

ಮೇಷ್ಟ್ರು ತಲೆ ಕೆರೆದುಕೊಂಡರು. ಪುಸ್ತಕ ತೆಗೆದು ನೋಡಿದರು. ಇನ್ನೊಬ್ಬ ಪಂಚರನ್ನು ಕರೆದರು. ಸಾಲಿನಲ್ಲಿದ್ದವರು ನಗತೊಡಗಿದರು. ಬ್ಯಾಂಕಿನವರು ಮಾತ್ರ ಮರಾಠಿಯಲ್ಲಿ, ಬಿಡಿ, ಅವರಿಗೆ ಹೇಗೆ ಬೇಕೋ ಹಾಗೆ ಹಾರಲಿ ಎಂದರು. ಕೊನೆಗೆ ಮೇಷ್ಟ್ರು ಒಪ್ಪಿ ಬಾವುಟ ಎತ್ತಿದರು.

ಮಾವ ಕೈ ಹಿಂದಕ್ಕೆ ಬೀಸಿದರು. ನಾನು ಎಸೆತದ ಗುಂಡನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದೆ. ಅವರು ಎದ್ದದ್ದು ಚೆನ್ನಾಗಿತ್ತು. ಶೆಡ್ಡಿನ ಹಿಂದೆ ಎಂದೂ ಅಷ್ಟು ಎತ್ತರಕ್ಕೆ ಎದ್ದಿರಲಿಲ್ಲ. ಬಹುಶಃ ಅದೇ ತಪ್ಪಾಯಿತು. ಇಳಿಯುವಾಗ ಹೊಸ ಬೂಟಿನ ಹಿಮ್ಮಡಿ ಮರಳಿನಲ್ಲಿ ಹೂತು, ಮೈ ಹಿಂದಕ್ಕೆ ವಾಲಿತು. ಬಲಗೈ ಊರಿದರು. ಆ ಕೈ ಊರಿದ ರೀತಿಯನ್ನು ದೂರದಿಂದ ನೋಡಿಯೇ ನನಗೆ ಗೊತ್ತಾಯಿತು.

ನಾನು ಓಡಿ ಬರುವುದರೊಳಗೆ ಕಾಕಾ ಸಾಲು ಬಿಟ್ಟು ಬಂದು ಅವರ ಪಕ್ಕ ಮರಳಿನಲ್ಲಿ ಕೂತಿದ್ದರು. ಮಾವ ಕಣ್ಣು ಮುಚ್ಚಿ, ಮಣಿಕಟ್ಟನ್ನು ಎಡಗೈಯಿಂದ ಹಿಡಿದಿದ್ದರು. ಕಾಕಾ ತಲೆಯ ಪಟಕಾ ಬಿಚ್ಚಿ, ಆಡಿನ ಮುರಿದ ಕಾಲಿಗೆ ಕಟ್ಟುವ ಹಾಗೆ, ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು.

"ನೋಯತೈತೇನಲೇ?"

"ಇಲ್ಲ," ಎಂದರು ಮಾವ. ಆಮೇಲೆ, "ಹೂಂ," ಎಂದರು.

ಆಸ್ಪತ್ರೆಗೆ ಹೋಗಲು ಗಾಡಿ ಹುಡುಕುತ್ತಿದ್ದಾಗ ಹಿಂದಿನಿಂದ ಮೇಷ್ಟ್ರು ಕಾಕಾನ ಹೆಸರು ಕೂಗುತ್ತಿದ್ದರು. ಒಮ್ಮೆ ಕೂಗಿದರು, ಮತ್ತೆ ಕೂಗಿದರು. ಕಾಕಾ ತಿರುಗಿಯೂ ನೋಡಲಿಲ್ಲ. ಮಾವನ ಚಪ್ಪಲಿಯ ಚೀಲ, ರೊಟ್ಟಿಯ ಗಂಟು ಎರಡನ್ನೂ ಎತ್ತಿಕೊಂಡು ನಮ್ಮ ಜೊತೆ ಗಾಡಿ ಹತ್ತಿದರು.

ಎಕ್ಸ್‌ರೇ ತೆಗೆದರು. ಮಣಿಕಟ್ಟಿನ ಎಲುಬಿನಲ್ಲಿ ಬಿರುಕು. ಪ್ಲಾಸ್ಟರ್ ಹಾಕುವಾಗ ಮಾವನಿಗೆ ಒಂದೇ ಚಿಂತೆ.

"ನೀ ಹೊಡದೇನ್ ಉಡಿ?"

"ಇಲ್ಲ."

"ಯಾಕ?"

"ಹ್ಯಾಂಗ ಹೊಡೀಲಿ? ನಿನ್ನ ಕೂಡ ಬಂದೇನಲ್ಲ."

"ಹುಚ್ಚದಿ ಏನ್ ನೀ? ನಿನ್ನ ಪಾಳಿ ಹೋತಲ್ಲೋ! ಸೊಸಿ ಇದ್ಲು, ಡಾಕ್ಟರ್ ಇದ್ರು. ನೀ ಬಂದು ಏನ್ ಮಾಡಿದಿ?"

"ರೊಟ್ಟಿ ಹೊತಗೊಂಡ ಬಂದ್ನಿ," ಎಂದರು ಕಾಕಾ.

ಡಾಕ್ಟರರಿಗೆ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಯಾಕೋ ಕಣ್ಣು ತುಂಬಿ ಬಂತು. ಔಷಧಿ ತರುವ ನೆಪದಲ್ಲಿ ಹೊರಗೆ ಹೋದೆ. ವಾಪಸು ಬಂದಾಗ ಇಬ್ಬರೂ ಆಸ್ಪತ್ರೆಯ ಬೆಂಚಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಮಾವನ ಬಲಗೈ ಪ್ಲಾಸ್ಟರಿನಲ್ಲಿದ್ದ ಕಾರಣ ಕಾಕಾ ಮುರಿದು ಕೊಡುತ್ತಿದ್ದರು. ಆ ದಿನ ಯಾರು ಗೆದ್ದರು ಎಂಬುದನ್ನು ನಾವು ಮರುದಿನ ಕೇಳಿ ತಿಳಿದೆವು. ಬ್ಯಾಂಕಿನವರು ಗೆದ್ದಿದ್ದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಾವೆಲ್ಲ ಬಯ್ಗುಳಕ್ಕೆ ಸಿದ್ಧವಾಗಿದ್ದೆವು. ಅವರು ಪ್ಲಾಸ್ಟರ್ ನೋಡಿದರು, ಮುಟ್ಟಿದರು, "ಬಿಸಿನೀರ ಕಾಸೇನಿ, ಕಾಲ ತೊಳಕೊರಿ," ಎಂದರು. ಬಯ್ದದ್ದು ಮೂರು ದಿನ ಬಿಟ್ಟು, ಅದೂ ನನಗೆ. ಅದನ್ನು ನಾನು ಒಪ್ಪಿಕೊಂಡೆ. ಆ ಮನೆಯಲ್ಲಿ ಜಿಗಿತಕ್ಕೆ ಪಗಾರ ತೆಗೆದುಕೊಳ್ಳುವವಳು ನಾನೊಬ್ಬಳೇ.

ಪ್ಲಾಸ್ಟರ್ ಬಿಚ್ಚುವ ಮೊದಲೇ ಕಬ್ಬು ಕಡಿಯುವವರು ಬಂದರು. ಕಡಿದ ಮೇಲೆ ಉಳಿದ ಒಣ ರವದಿ ಹೊಲದ ತುಂಬ ಹಾಸಿಗೆಯ ಹಾಗೆ ಬಿದ್ದಿತ್ತು. ಕಾಕಾ ಹಿಂಡು ತಂದರು. ಒಂದು ಸಂಜೆ, ಹೊತ್ತು ಮುಳುಗಲು ಇನ್ನೂ ಸಮಯವಿರುವಾಗ, ನಾನು ಶಾಲೆಯಿಂದ ಬಂದೆ. ಮಾವ ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಕಾ ರವದಿಯ ಮುಂದೆ ಪಾದ ಜೋಡಿಸಿ ನಿಂತಿದ್ದರು. ಆಡುಗಳು ಸುತ್ತಲೂ ಕಬ್ಬಿನ ಸೋಗೆ ಮೆಲ್ಲುತ್ತಿದ್ದವು.

"ಹೊಡಿ," ಎಂದರು ಮಾವ.

ಕಾಕಾ ಹಾರಿದರು. ಬಹಳ ದೂರವೇನಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಒಂದು ಕಾಲುವೆ ದಾಟುವಷ್ಟು. ಆದರೆ ಇಳಿದಾಗ ರವದಿ ಸರಕ್ ಎಂದು ಒಂದು ಸಲ ಸದ್ದಾಯಿತು, ಅಷ್ಟೇ. ಮೊಣಕಾಲು ಅರ್ಧ ಮಣಿದಿತ್ತು, ಬೆನ್ನು ನೆಟ್ಟಗಿತ್ತು, ಕೈ ಎರಡೂ ಚಾಚಿದ್ದವು. ಹಾಗೇ ನಿಂತರು. ಒಂದು ಆಡು ಬಂದು ಅವರ ಧೋತರದ ತುದಿ ಮೂಸಿತು. ಅವರು ಅಲುಗಲಿಲ್ಲ.

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆತುರವಿಲ್ಲದೆ ನೋಡಿದರು. ಟೇಪಿನ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

"ಮೊಣಕಾಲ ಬರೋಬರಿ," ಎಂದರು. "ಬೆನ್ನ ಬರೋಬರಿ. ಎಡಗೈ ಒಂದೀಟ ಕೆಳಗ ಬಂದೈತಿ."

"ಬಸ್ ಅಂತಿಯೋ ಇಲ್ಲೋ?" ಎಂದರು ಕಾಕಾ, ಹಾಗೇ ನಿಂತು.

"ತಡಿ. ಇನ್ನೂ ನೋಡಾಕತ್ತೇನಿ."

ನಾನು ಬದುವಿನ ಮೇಲೆ ಚೀಲ ಇಟ್ಟು ನಿಂತುಕೊಂಡೆ. ಮಾವ ಸಾಕಷ್ಟು ಹೊತ್ತು ನೋಡಿದ ಮೇಲೆ "ಬಸ್" ಎಂದರು. ಕಾಕಾ ಕೈ ಇಳಿಸಿ, ಸೊಂಟ ಹಿಡಿದುಕೊಂಡು, ಬಯ್ಯುತ್ತ ಬಂದು ಬದುವಿನ ಮೇಲೆ ಕೂತರು. ಆಮೇಲೆ ಇಬ್ಬರೂ ಮಾತಾಡಿದ್ದು ಮಳೆಯ ಬಗ್ಗೆ, ಹಿಂಡಿನಲ್ಲಿ ಕುಂಟುತ್ತಿದ್ದ ಒಂದು ಆಡಿನ ಬಗ್ಗೆ.

ಶಾಲೆಯಲ್ಲಿ ಗೋಡೆ ಹಾಗೇ ಇದೆ. ಅದರ ಮೇಲೆ ಈಗ ನಕಾಶೆ ಬರೆಸಿದ್ದಾರೆ. ನಮ್ಮ ಶಾಲೆಯ ಕ್ರೀಡಾದಿನದಲ್ಲಿ ನಿಂತು ಹಾರುವ ಜಿಗಿತಗಳು ಈಗ ಖಾಯಂ. ತಾಲೂಕಿನ ಕ್ರೀಡಾಕೂಟಕ್ಕೆ ಹೋದರೆ ಅಲ್ಲಿ ಇವು ಇಲ್ಲ. ಮಕ್ಕಳನ್ನು ಕಾಂಪೌಂಡಿನಾಚೆಯ ಹೊಲದ ದಾರಿಯಲ್ಲಿ ಓಡಿಸಿ ಉದ್ದ ಜಿಗಿತಕ್ಕೆ ತಯಾರು ಮಾಡುತ್ತೇನೆ. ಒಬ್ಬಿಬ್ಬರು ಮುಂದಿನ ಹಂತಕ್ಕೆ ಹೋಗಿದ್ದಾರೆ, ಉಳಿದವರು ಹೋಗಿಲ್ಲ. ಎಲ್ಲ ಶಾಲೆಗಳ ಹಾಗೆ. ಆದರೆ ನಮ್ಮ ಮಕ್ಕಳು ಎಲ್ಲಿ ಹಾರಿದರೂ ಇಳಿದಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಪಂಚರು ಟೇಪ್ ಹಿಡಿದು ಕಾಯುತ್ತಿರುತ್ತಾರೆ, ಇವರು ಕೈ ಚಾಚಿ ನಿಂತಿರುತ್ತಾರೆ. "ಗುಂಡಿಯಿಂದ ಹೊರಗ ಬಾರಲೇ," ಎಂದು ಬಯ್ಸಿಕೊಳ್ಳುತ್ತಾರೆ.

ಮಾವನ ಕೈ ಕೂಡಿದೆ. ಚಳಿಗೆ ಸ್ವಲ್ಪ ನೋಯುತ್ತದೆಯಂತೆ. ಶೆಡ್ಡಿನ ಹಿಂದಿನ ಮರಳನ್ನು ಗಂಡ ಹೊಸ ಗೋದಾಮಿನ ಪಾಯಕ್ಕೆ ಬಳಸಿಬಿಟ್ಟರು. ಯಾರೂ ಬೇಡವೆನ್ನಲಿಲ್ಲ.

ಮೊನ್ನೆ ಮತ್ತೆ ಮಣೂಕ ಆರಿಸುತ್ತ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದ ಹಾಗೆ ಕೇಳಿದರು: "ಆ ದೇಶದ ಕಡಿ ಈಗೂ ಹಂಗಽ ಹಾರತಾರೇನ?"

ಸ್ವೀಡನ್ನಿನ ನೆರೆಯ ನಾರ್ವೆಯಲ್ಲಿ ಇವತ್ತಿಗೂ ನಿಂತು ಹಾರುವ ಸ್ಪರ್ಧೆ ಇಡುತ್ತಾರೆ, ವಯಸ್ಸಾದವರೂ ಹಾರುತ್ತಾರೆ ಎಂದು ನಾನು ಓದಿದ್ದನ್ನು ಹೇಳಿದೆ.

"ಅಲ್ಲಿ ಬಾಳ ಥಂಡಿ ಅಂತಲ್ಲ?"

"ಹೌದ್ರಿ. ಬರ್ಫ ಬೀಳತೈತಿ."

ಅತ್ತೆ ಒಂದು ಕಪ್ಪು ಕಾಳು ಎತ್ತಿ ಬದಿಗೆ ಹಾಕಿದರು. "ಮತ್ತ ಆ ಥಂಡ್ಯಾಗ ಅವರ ಹೆಂಡ್ರು ಏನಂತಾರ?"

ಅದನ್ನೂ ಹುಡುಕಿ ನೋಡಿದೆ. ಎಲ್ಲೂ ಬರೆದಿರಲಿಲ್ಲ.